ಕೈಯಾರೆ ಕಟ್ಟಿದ ಕಾರಿಗೊಂದು ಬಟ್ಟೆಯ ಸೂರು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ನಮ್ಮಲ್ಲಿದೆ. ಇಂಗ್ಲೆಂಡಿನಲ್ಲಿ ಕೆಲವರು ಇದಕ್ಕೆ ಮೂರನೆಯದೊಂದನ್ನು ಸೇರಿಸಿಕೊಂಡ ಹಾಗಿದೆ: ಕಾರು ಕಟ್ಟಿ ನೋಡು! ಅಲ್ಲಿ ಕಾರು ಕೊಳ್ಳುವವರ ಜೊತೆಗೆ ಕಾರು ಕಟ್ಟುವವರೂ ಇದ್ದಾರೆ. ಅವರೇನು ಕಾರ್ಖಾನೆಯ ಮಾಲೀಕರಲ್ಲ. ಮೇಷ್ಟರು, ಗುಮಾಸ್ತರು, ಕಾಲೇಜಿಗೆ ಹೋಗುವ ಮಕ್ಕಳು, ಪಿಂಚಣಿ ಪಡೆಯುತ್ತಿರುವ ಅಜ್ಜಂದಿರು, ಹೀಗೆ ನಮ್ಮ ನಿಮ್ಮಂಥವರೇ. ಶನಿವಾರ ಭಾನುವಾರಗಳಲ್ಲಿ ಮನೆಯ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದು ಕೂತು, ತಿಂಗಳುಗಟ್ಟಲೆ ದುಡಿದು, ಒಂದು ದಿನ ತಾವೇ ಕಟ್ಟಿದ ಕಾರಿನಲ್ಲಿ ಕೂತು ಹೊರಡುತ್ತಾರೆ.

ಇಂಥ ಕಾರಿಗೆ ‘ಕಿಟ್ ಕಾರು’ ಎಂದು ಹೆಸರು. ಕಂಪನಿಯಿಂದ ಪೆಟ್ಟಿಗೆಗಳು ಬಂದಿಳಿಯುತ್ತವೆ. ಒಂದರಲ್ಲಿ ಎಂಜಿನ್, ಇನ್ನೊಂದರಲ್ಲಿ ಸ್ಟೀರಿಂಗ್, ಮತ್ತೊಂದರಲ್ಲಿ ದೀಪಗಳು, ಜೊತೆಗೆ ಚೀಲಗಟ್ಟಲೆ ನಟ್ಟು ಬೋಲ್ಟು. ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಚಾಸಿಯೊಂದು ಅಸ್ಥಿಪಂಜರದ ಹಾಗೆ ಗ್ಯಾರೇಜಿನ ನಡುವೆ ಕೂರುತ್ತದೆ. ಅದಕ್ಕೆ ಒಂದೊಂದೇ ಅಂಗ ಜೋಡಿಸುತ್ತ ಹೋಗಬೇಕು.

ಈ ಹವ್ಯಾಸದ ಹಿಂದೆ ಒಂದು ಸ್ವಾರಸ್ಯದ ಕಥೆ ಇದೆ. ಕಾಲಿನ್ ಚಾಪ್‌ಮನ್ ಎಂಬ ಲಂಡನ್ನಿನ ಹುಡುಗ ಯೂನಿವರ್ಸಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದವನು. ಇಪ್ಪತ್ತರ ವಯಸ್ಸಿನಲ್ಲಿ, ಅಂದರೆ 1948ರಲ್ಲಿ, ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಬಿಚ್ಚಿ ತನ್ನ ಮೊದಲ ಕಾರು ಕಟ್ಟಿದ. 1952ರಲ್ಲಿ ಲೋಟಸ್ ಎಂಜಿನಿಯರಿಂಗ್ ಕಂಪನಿ ಹುಟ್ಟಿತು. 1957ರಲ್ಲಿ ‘ಲೋಟಸ್ ಸೆವೆನ್’ ಎಂಬ ಪುಟ್ಟ ಕಾರು ಬಂತು. ಎರಡೇ ಸೀಟು, ಬಾಗಿಲಿಲ್ಲ, ಮೇಲೆ ಸೂರಿಲ್ಲ. ಒಟ್ಟು ತೂಕ ಹೆಚ್ಚು ಕಡಿಮೆ ಅರ್ಧ ಟನ್ನು.

ಆಗ ಬ್ರಿಟನ್ನಿನಲ್ಲಿ ಹೊಸ ಕಾರು ಕೊಂಡರೆ ‘ಪರ್ಚೇಸ್ ಟ್ಯಾಕ್ಸ್’ ಎಂಬ ತೆರಿಗೆ ಬೀಳುತ್ತಿತ್ತು. ಅದೇ ಕಾರನ್ನು ಬಿಡಿಭಾಗಗಳಾಗಿ ಕೊಂಡರೆ ತೆರಿಗೆ ಇಲ್ಲ. ಆದರೆ ಒಂದು ಷರತ್ತು: ಬಿಡಿಭಾಗಗಳ ಜೊತೆ ‘ಜೋಡಿಸುವ ವಿಧಾನ’ದ ಪುಸ್ತಕ ಕೊಡುವ ಹಾಗಿಲ್ಲ. ಇದಕ್ಕೇನು ಉಪಾಯ? ಲೋಟಸ್‌ನವರು ‘ಬಿಚ್ಚುವ ವಿಧಾನ’ದ ಪುಸ್ತಕ ಕೊಟ್ಟರಂತೆ! ಬಿಚ್ಚುವುದನ್ನು ಹೇಳಬಾರದೆಂದು ಕಾನೂನಿನಲ್ಲಿ ಎಲ್ಲೂ ಇರಲಿಲ್ಲ. ಕೊಂಡವರು ಆ ಪುಸ್ತಕವನ್ನು ಕೊನೆಯ ಪುಟದಿಂದ ಹಿಂದಕ್ಕೆ ಓದುತ್ತ ಹೋದರೆ ಸಾಕು, ಕಾರು ತಯಾರು. ಕಿಟ್ ಕಾರಿನ ಜನ ಈ ಕಥೆಯನ್ನು ಇಂದಿಗೂ ನಗುತ್ತ ಹೇಳುತ್ತಾರೆ.

1973ರಲ್ಲಿ ಪರ್ಚೇಸ್ ಟ್ಯಾಕ್ಸ್ ಹೋಗಿ ‘ವ್ಯಾಟ್’ ಬಂತು. ಕಿಟ್ಟಿಗೆ ಇದ್ದ ತೆರಿಗೆಯ ಲಾಭ ಮುಗಿಯಿತು. ಅದೇ ವರ್ಷ ಲೋಟಸ್ ಕಂಪನಿ ಸೆವೆನ್ ಕಾರಿನ ಹಕ್ಕನ್ನು ಕೇಟರ್‌ಹ್ಯಾಮ್ ಎಂಬ ಸಂಸ್ಥೆಗೆ ಕೊಟ್ಟಿತು. ಲಾಭ ಹೋದ ಮೇಲೆ ಜನ ಕಟ್ಟುವುದನ್ನು ಬಿಟ್ಟರೇ? ಇಲ್ಲ. ಕೇಟರ್‌ಹ್ಯಾಮ್ ಸೆವೆನ್ ಇಂದಿಗೂ ಕಿಟ್ಟಾಗಿ ಮಾರಾಟವಾಗುತ್ತಿದೆ. ದುಡ್ಡು ಉಳಿಸಲು ಶುರುವಾದದ್ದು ಕೈಕೆಲಸದ ಖುಷಿಗಾಗಿ ಉಳಿದುಕೊಂಡಿತು.

ಹಿಂದಿನಿಂದ ಓದಲಾಗದ ಪುಟ

ಬಿಚ್ಚುವ ಪುಸ್ತಕವನ್ನು ಹಿಂದಿನಿಂದ ಓದಿ ಕಾರು ಜೋಡಿಸಬಹುದು ಎಂದರೆ ಅದರಲ್ಲೊಂದು ಸತ್ಯ ಅಡಗಿದೆ. ನಟ್ಟು ಬೋಲ್ಟಿನ ಕೆಲಸವನ್ನು ಹಿಂದಕ್ಕೂ ಮುಂದಕ್ಕೂ ಮಾಡಬಹುದು. ಚಕ್ರ ತಪ್ಪಾಗಿ ಕೂತಿತೇ? ಬಿಚ್ಚಿ, ಮತ್ತೆ ಹಾಕಿ. ವೈರು ಅದಲು ಬದಲಾಯಿತೇ? ಕಿತ್ತು ಸರಿಪಡಿಸಿ. ಹೊತ್ತು ಹೋದೀತು, ಮೈ ನೊಂದೀತು, ಆದರೆ ಕಾರಿಗೆ ನಷ್ಟವಿಲ್ಲ.

ಕಾರೆಲ್ಲ ಮುಗಿದು ಬಣ್ಣ ಹೊಳೆಯುತ್ತಿರುವಾಗ ಕೊನೆಗೊಂದು ಕೆಲಸ ಉಳಿಯುತ್ತದೆ. ಮಳೆ ಬಂದರೆ ತಲೆಯ ಮೇಲೆ ಎಳೆದುಕೊಳ್ಳಲು ಬಟ್ಟೆಯ ಹುಡ್. ಸೀಟಿನ ಹಿಂದಿನ ತೆರೆದ ಡಿಕ್ಕಿಯಲ್ಲಿಟ್ಟ ಸಾಮಾನು ನೆನೆಯದಂತೆ, ಹಾರಿಹೋಗದಂತೆ ಒಂದು ಮುಸುಕು. ನೋಡಲು ದರ್ಜಿಯ ಕೆಲಸ. ಎಂಜಿನ್ ಕೂರಿಸಿದವನಿಗೆ ಇದೇನು ಮಹಾ ಎನ್ನಿಸಬೇಕು. ಆದರೆ ಇಡೀ ಕಾರು ಕಟ್ಟುವಾಗ ಎದೆ ನಡುಗದವರಿಗೂ ಇಲ್ಲಿ ಕೈ ನಡುಗುತ್ತದೆ.

ಏಕೆಂದರೆ ಇಲ್ಲಿ ಹೊಳೆಯುವ ಅಲ್ಯೂಮಿನಿಯಂ ಮೈಗೆ ತಾವೇ ಡ್ರಿಲ್ಲಿಂಗ್ ಯಂತ್ರದಿಂದ ತೂತು ಕೊರೆಯಬೇಕು. ಒಂದಲ್ಲ, ಹತ್ತಿಪ್ಪತ್ತು. ಕೊರೆದ ತೂತನ್ನು ಬಿಚ್ಚಲು ಬರುವುದಿಲ್ಲ. ಪುಸ್ತಕದಲ್ಲಿ ಹಿಂದಿನಿಂದ ಓದಲಾಗದ ಪುಟ ಇದೊಂದೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಮಾತು ನೆನಪಾಗುವ ಜಾಗ ಇದು.

‘ಆ ತೂತುಗಳನ್ನು ಕಂಪನಿಯವರೇ ಕೊರೆದು ಕಳಿಸಬಾರದೇ?’ ಎಂದು ಜಾಣ ವಿದ್ಯಾರ್ಥಿಯೊಬ್ಬ ಕೇಳಬಹುದು. ಒಳ್ಳೆಯ ಪ್ರಶ್ನೆ. ಉತ್ತರ ಹೀಗಿದೆ. ಕೈಯಲ್ಲಿ ಜೋಡಿಸಿದ ಎರಡು ಕಾರುಗಳು ಎಂದೂ ತದ್ರೂಪವಲ್ಲ. ಚಾಸಿಯಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸ, ಮುಂದಿನ ಗಾಜಿನ ಚೌಕಟ್ಟು ಕೂತ ರೀತಿಯಲ್ಲಿ ಇನ್ನೊಂದು, ಹಿಂದಿನ ತಗಡಿನಲ್ಲಿ ಮತ್ತೊಂದು. ಒಂದೊಂದೂ ಅಲ್ಪವೇ. ಆದರೆ ಹುಡ್ ಎಂಬುದು ಮುಂದಿನ ಗಾಜಿನ ನೆತ್ತಿಯಿಂದ ಕಾರಿನ ಹಿಂಭಾಗದವರೆಗೆ ಹಾಸಿಕೊಳ್ಳುವ ವಸ್ತು. ದಾರಿಯಲ್ಲಿ ಆದ ವ್ಯತ್ಯಾಸಗಳೆಲ್ಲ ಕೂಡಿ ಅದರ ಪಾಲಿಗೆ ಬರುತ್ತವೆ. ಅದರ ಮೇಲೆ ಬಟ್ಟೆ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಹಾಗಾಗಿ ಈ ಕಾರಿಗೆ ಈ ತೂತು ಎಲ್ಲಿ ಎಂಬುದನ್ನು ಆ ಕಾರಿನ ಮುಂದೆ ನಿಂತವರೇ ಹೇಳಬೇಕು.

ನಡುವಿನಿಂದ ಶುರು

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಹೊಸಬರು ಸಹಜವಾಗಿ ಒಂದು ಮೂಲೆಯಿಂದ ಶುರು ಮಾಡುತ್ತಾರೆ. ಅನುಭವಿಗಳು ನಡುವಿನಿಂದ ಶುರು ಮಾಡುತ್ತಾರೆ. ಈ ಸಣ್ಣ ವ್ಯತ್ಯಾಸದಲ್ಲಿ ಒಂದು ಪಾಠವಿದೆ. ಲೆಕ್ಕ ಮಾಡಿ ನೋಡೋಣ.

ಡಿಕ್ಕಿಯ ಹಿಂದಿನ ಅಂಚು ಒಂದು ಮೀಟರ್ ಉದ್ದ ಎಂದಿಟ್ಟುಕೊಳ್ಳಿ. ಹತ್ತು ಸೆಂಟಿಮೀಟರಿಗೆ ಒಂದರಂತೆ ಹನ್ನೊಂದು ಬಟನ್ನು ಕೂಡಿಸಬೇಕು. ಎಡ ಮೂಲೆಯಿಂದ ಹೊರಟು ಒಂದರಿಂದ ಇನ್ನೊಂದಕ್ಕೆ ಅಳೆಯುತ್ತ ಹೋಗುತ್ತೀರಿ. ಪ್ರತಿ ಸಲವೂ ಒಂದೇ ಒಂದು ಮಿಲಿಮೀಟರ್ ಹೆಚ್ಚಾಯಿತು ಎನ್ನೋಣ. ಬಲ ಮೂಲೆ ಸೇರುವ ಹೊತ್ತಿಗೆ ತಪ್ಪು ಹತ್ತು ಮಿಲಿಮೀಟರ್, ಅಂದರೆ ಪೂರ್ತಿ ಒಂದು ಸೆಂಟಿಮೀಟರ್! ಎಡಗಡೆ ನೀಟಾಗಿದೆ, ಬಲಗಡೆ ಬಟ್ಟೆ ಮುಟ್ಟುವುದೇ ಇಲ್ಲ.

ಈಗ ಅದೇ ಕೈ, ಅದೇ ಒಂದು ಮಿಲಿಮೀಟರ್ ತಪ್ಪು. ಆದರೆ ನಡುವಿನ ಬಟನ್ನಿನಿಂದ ಹೊರಟು ಎಡಕ್ಕೊಂದು, ಬಲಕ್ಕೊಂದು ಎಂದು ಹೋಗಿ. ಎರಡೂ ಮೂಲೆಗಳಲ್ಲಿ ತಪ್ಪು ಐದೈದು ಮಿಲಿಮೀಟರ್. ಅಷ್ಟನ್ನು ಬಟ್ಟೆ ಹೇಗೋ ಹೊಂದಿಸಿಕೊಂಡೀತು. ನೋಡಿದವರ ಕಣ್ಣಿಗೂ ಬೀಳದು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಒಂದು ಬಟನ್ನಿನಿಂದ ಇನ್ನೊಂದಕ್ಕೆ ಅಳೆಯುವುದನ್ನೇ ಬಿಟ್ಟು, ನಡುವಿನ ಗುರುತಿಗೆ ಟೇಪು ಹಿಡಿದು ಎಲ್ಲವನ್ನೂ ಅಲ್ಲಿಂದಲೇ ಅಳೆಯಿರಿ. ಆಗ ಯಾವ ಬಟನ್ನಿನ ತಪ್ಪೂ ಪಕ್ಕದ್ದಕ್ಕೆ ಅಂಟುವುದಿಲ್ಲ. ಪ್ರತಿಯೊಂದರಲ್ಲೂ ಒಂದು ಮಿಲಿಮೀಟರ್, ಅಷ್ಟೇ. ಪಾಲಿಟೆಕ್ನಿಕ್ಕಿನಲ್ಲಿ ಭೂಮಾಪನ ಓದುವವರಿಗೆ ಮೊದಲ ತರಗತಿಯಲ್ಲೇ ಇದನ್ನು ಹೇಳಿಕೊಡುತ್ತಾರೆ: ಬಿಡಿಯಿಂದ ಇಡಿಗೆ ಹೋಗಬೇಡ, ಇಡಿಯಿಂದ ಬಿಡಿಗೆ ಹೋಗು ಎಂದು.

ಅಂಚು ನೇರವಾಗಿದ್ದರೆ ಟೇಪು ಮಡಿಸಿ ನಡು ಕಂಡುಹಿಡಿಯಬಹುದು. ಬಾಗಿದ ತಗಡಿನಲ್ಲಿ ಹೇಗೆ? ಎರಡು ಮೂಲೆಗಳಿಂದ ಸಮ ಉದ್ದದ ದಾರ ಹಿಡಿದು ಎರಡು ಕಡೆ ಕಂಸ ಎಳೆಯಿರಿ. ಕಂಸಗಳು ಕೂಡುವ ಎರಡು ಬಿಂದುಗಳನ್ನು ಸೇರಿಸಿದ ಗೆರೆಯೇ ನಡುಗೆರೆ. ಹೈಸ್ಕೂಲಿನಲ್ಲಿ ಕೈವಾರ ಹಿಡಿದು ಲಂಬಾರ್ಧಕ ಎಳೆದಿದ್ದು ನೆನಪಿದೆಯೇ? ‘ಇದರಿಂದ ಏನು ಪ್ರಯೋಜನ ಸಾರ್?’ ಎಂದು ಅಂದು ಕೇಳಿದವರಿಗೆ ಇಲ್ಲಿ ಉತ್ತರ ಸಿಗುತ್ತದೆ.

ಎಡಕ್ಕೊಂದು ಬಲಕ್ಕೊಂದು ಎಂಬ ಈ ಕ್ರಮ ಕಾರಿನ ಹುಡ್ಡಿಗೆ ಮಾತ್ರ ಸೇರಿದ್ದಲ್ಲ. ಪಂಕ್ಚರ್ ಆದಾಗ ಸ್ಟೆಪ್ನಿ ಹಾಕುವುದನ್ನು ನೋಡಿರುತ್ತೀರಿ. ತಿಳಿದವರು ಚಕ್ರದ ನಟ್ಟುಗಳನ್ನು ಸಾಲಾಗಿ ಬಿಗಿಯುವುದಿಲ್ಲ. ಒಂದು ಬಿಗಿದರೆ ಅದರ ಎದುರಿನದಕ್ಕೆ ಹೋಗುತ್ತಾರೆ. ತಬಲಾ ಶ್ರುತಿ ಮಾಡುವವರೂ ಒಂದೇ ಕಡೆ ಬಡಿಯುತ್ತ ಕೂರುವುದಿಲ್ಲ, ಸುತ್ತಲೂ ಸಮನಾಗಿ ಬಡಿಯುತ್ತಾರೆ. ಎಳೆತ ಎಲ್ಲ ಕಡೆಗೂ ಹಂಚಿಹೋಗಬೇಕು ಎಂಬುದೇ ಎಲ್ಲರ ಉದ್ದೇಶ.

ಬಟ್ಟೆಯ ಗುಣ

ಹುಡ್ಡಿಗೆ ಬಳಸುವ ಬಟ್ಟೆ ಸಾಮಾನ್ಯವಾಗಿ ಎರಡು ಬಗೆ. ಅಗ್ಗದ್ದು ವಿನೈಲ್. ನಮ್ಮ ಆಟೋರಿಕ್ಷಾದ ಸೀಟಿಗೆ ಹಾಕುವ ರೆಕ್ಸಿನ್ನಿನ ಬಂಧು ಎನ್ನಿ. ಅಂದ ಹಾಗೆ ‘ರೆಕ್ಸಿನ್’ ಎಂಬ ಮಾತು ನಮ್ಮದಾಗಿಬಿಟ್ಟಿದ್ದರೂ ಮೂಲದಲ್ಲಿ ಅದು ಇಂಗ್ಲೆಂಡಿನ ಒಂದು ಕಂಪನಿಯ ಮಾಲಿನ ಹೆಸರು.

ವಿನೈಲ್ ಎಂದರೆ ಪಿವಿಸಿ. ನಲ್ಲಿಗೆ ಹಾಕುವ ಗಟ್ಟಿ ಪೈಪು ಕೂಡ ಪಿವಿಸಿಯೇ. ಪೈಪು ಬಾಗದು, ಹುಡ್ಡು ಮಡಿಸಿದರೂ ಮುರಿಯದು. ಹೀಗೇಕೆ? ಹುಡ್ಡಿನ ಪಿವಿಸಿಗೆ ಎಣ್ಣೆಯಂಥ ಮೆದುಕಾರಕ ದ್ರವ ಬೆರೆಸಿರುತ್ತಾರೆ. ಅದು ಪ್ಲಾಸ್ಟಿಕ್ಕಿನ ಉದ್ದುದ್ದ ಅಣುಗಳ ನಡುವೆ ಸೇರಿ ಅವು ಒಂದರ ಮೇಲೊಂದು ಜಾರುವಂತೆ ಮಾಡುತ್ತದೆ. ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿಯ ವಾಲ್ಡೋ ಸೆಮನ್ ಎಂಬ ರಸಾಯನಶಾಸ್ತ್ರಜ್ಞ 1926ರಲ್ಲಿ ಈ ಮೆದು ಪಿವಿಸಿಗೆ ದಾರಿ ಮಾಡಿಕೊಟ್ಟ.

ದುಬಾರಿಯದು ನೇಯ್ದ ಬಟ್ಟೆಯ ಹುಡ್. ಎರಡು ಪದರ ಬಟ್ಟೆ, ನಡುವೆ ರಬ್ಬರು. ಈ ಉಪಾಯ ಇನ್ನೂ ಹಳೆಯದು. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿ ಇದೇ ರೀತಿ ಎರಡು ಬಟ್ಟೆಗಳ ನಡುವೆ ಕರಗಿಸಿದ ರಬ್ಬರ್ ಹಚ್ಚಿ ನೀರು ನುಗ್ಗದ ಬಟ್ಟೆ ಮಾಡಿ ಹಕ್ಕುಪತ್ರ ಪಡೆದಿದ್ದ. ಮಳೆಯಂಗಿಗೆ ಇಂಗ್ಲಿಷರು ಇಂದಿಗೂ ಅವನ ಹೆಸರನ್ನೇ ಹಿಡಿದು ಕರೆಯುತ್ತಾರೆ.

ವಿನೈಲಿಗೆ ಒಂದು ಸ್ವಭಾವವಿದೆ. ಬಿಸಿಲಿಗೆ ಮೆದುವಾಗಿ ಹಿಗ್ಗುತ್ತದೆ, ಚಳಿಗೆ ಸೆಟೆದು ಕುಗ್ಗುತ್ತದೆ. ಕೊರೆಯುವ ಚಳಿಯ ದಿನ ಹುಡ್ಡನ್ನು ಪೆಟ್ಟಿಗೆಯಿಂದ ತೆಗೆದು ಹಾಗೆಯೇ ಎಳೆಯಲು ಹೋದರೆ ಅದು ಮಿಸುಕುವುದಿಲ್ಲ. ಮಡಿಕೆಯ ಗೆರೆಗಳೂ ಬಿಡುವುದಿಲ್ಲ. ಅದಕ್ಕೇ ಅಲ್ಲಿಯ ಅನುಭವಿಗಳು ಮೊದಲು ಹುಡ್ಡನ್ನು ಬೆಚ್ಚನೆಯ ಕೋಣೆಯಲ್ಲೋ ಬಿಸಿಲಲ್ಲೋ ಹರಡಿ, ಮೆದುವಾದ ಮೇಲೆ ಕೆಲಸಕ್ಕೆ ಕೈ ಹಾಕು ಎನ್ನುತ್ತಾರೆ.

ಇಲ್ಲೂ ಒಂದು ಹಳ್ಳವಿದೆ. ಬೇಸಿಗೆಯ ಸುಡುಬಿಸಿಲಿನಲ್ಲಿ ಬಟ್ಟೆ ಚೆನ್ನಾಗಿ ಬಗ್ಗುತ್ತದೆಂದು ಶಕ್ತಿ ಇದ್ದಷ್ಟೂ ಎಳೆದು ಬಟನ್ನಿನ ಜಾಗ ಗುರುತಿಸಿದರೆ, ಚಳಿಗಾಲದಲ್ಲಿ ಕುಗ್ಗಿದ ಹುಡ್ಡು ಬಟನ್ನಿಗೆ ಎಟುಕುವುದೇ ಇಲ್ಲ. ಹುಡ್ ಬೇಕಾಗುವುದು ಆಗಲೇ! ಹಾಗೆಂದು ಸಡಿಲ ಬಿಟ್ಟರೆ ಗಾಳಿಗೆ ಪಟಪಟ ಬಡಿದುಕೊಳ್ಳುತ್ತದೆ, ಮಳೆಯ ನೀರು ಅದರಲ್ಲೇ ಹೊಂಡ ಕಟ್ಟುತ್ತದೆ. ತಂಬೂರಿಯ ತಂತಿಯಷ್ಟು ಬಿಗಿಯೂ ಅಲ್ಲ, ಒಣಹಾಕಿದ ಪಂಚೆಯಷ್ಟು ಸಡಿಲವೂ ಅಲ್ಲ, ನಡುವಿನ ಒಂದು ಹದ ಬೇಕು. ಆ ಹದ ಯಾವ ಪುಸ್ತಕದಲ್ಲೂ ಅಂಕಿಯಾಗಿ ಸಿಗುವುದಿಲ್ಲ. ಕೈಗೆ ಮಾತ್ರ ಗೊತ್ತಾಗುತ್ತದೆ.

ತೂತಿಗೆ ಮೊದಲು, ತೂತಿಗೆ ನಂತರ

ಬಟ್ಟೆಯನ್ನು ಹಿಡಿದಿಡುವುದು ಟಿಚ್ ಬಟನ್. ಪುಟ್ಟ ಮಕ್ಕಳ ಅಂಗಿಯಲ್ಲಿ ಇರುವಂಥದೇ, ಕೊಂಚ ದೊಡ್ಡದು, ಗಟ್ಟಿಮುಟ್ಟಾದ್ದು. ಇದಕ್ಕೆ 1885ರಲ್ಲಿ ಹಕ್ಕುಪತ್ರ ಪಡೆದವನು ಜರ್ಮನಿಯ ಹೆರಿಬರ್ಟ್ ಬಾವರ್. ಬಟ್ಟೆಯ ಹೊರಗೆ ಒಂದು ಟೋಪಿ, ಒಳಗೆ ಸ್ಪ್ರಿಂಗ್ ಇರುವ ಬಟ್ಟಲು. ಇವೆರಡರ ನಡುವೆ ಬಟ್ಟೆ ಸಿಕ್ಕಿಕೊಂಡಿರುತ್ತದೆ. ಕಾರಿನ ಮೈಮೇಲೆ ಒಂದು ಗುಬುಟು, ಅದನ್ನು ರಿವೆಟ್ಟಿನಿಂದಲೋ ಸ್ಕ್ರೂವಿನಿಂದಲೋ ಕೂರಿಸಿರುತ್ತಾರೆ. ಒತ್ತಿದರೆ ಸ್ಪ್ರಿಂಗ್ ಅಗಲವಾಗಿ ಗುಬುಟಿನ ಕೊರಳನ್ನು ‘ಟಿಚ್’ ಎಂದು ಹಿಡಿದುಕೊಳ್ಳುತ್ತದೆ.

ಈ ಬಟನ್ನಿನ ಜಾಣತನ ನೋಡಿ. ಪಕ್ಕಕ್ಕೆ ಎಳೆದರೆ ಬಿಡುವುದಿಲ್ಲ. ಅಂಚು ಹಿಡಿದು ಮೇಲಕ್ಕೆ ಸುಲಿದರೆ ಸುಲಭವಾಗಿ ಬಿಡುತ್ತದೆ. ಹುಡ್ಡಿಗೆ ಬೇಕಾದದ್ದೂ ಅದೇ: ಎಳೆತಕ್ಕೆ ಜಗ್ಗಬಾರದು, ಬೇಕೆಂದಾಗ ಕೈಗೆ ಬಿಡಬೇಕು. ಆದ್ದರಿಂದ ಬಟ್ಟೆ ಪಕ್ಕಕ್ಕೆ ಎಳೆಯುವ ಹಾಗೆ ಬಟನ್ನು ಕೂರಬೇಕೇ ಹೊರತು ಮೇಲಕ್ಕೆ ಎತ್ತುವ ಹಾಗಲ್ಲ.

ಕೆಲಸದ ಕ್ರಮ ಹೀಗೆ. ಮೊದಲು ಡಿಕ್ಕಿಯ ಮುಸುಕು. ಅದು ಹೆಚ್ಚು ಕಡಿಮೆ ಚಪ್ಪಟೆ ಹಾಳೆ, ಕೈ ಪಳಗಿಸಿಕೊಳ್ಳಲು ಅನುಕೂಲ. ಬಟ್ಟೆಯನ್ನು ಹಾಸಿ, ಸುತ್ತಲೂ ಮಾಸ್ಕಿಂಗ್ ಟೇಪು ಹಚ್ಚಿ ತಾತ್ಕಾಲಿಕವಾಗಿ ನಿಲ್ಲಿಸಬೇಕು. ದೂರ ನಿಂತು ನೋಡಬೇಕು. ಹೊಲಿಗೆಯ ಗೆರೆ ಕಾರಿನ ಅಂಚಿಗೆ ಸಮನಾಗಿದೆಯೇ? ಸೀಟಿನ ಹಿಂದಿನ ರೋಲ್ ಬಾರಿನ ಕಾಲುಗಳಿಗೆ ಬಿಟ್ಟ ಸೀಳು ಸರಿಯಾಗಿ ಕೂತಿದೆಯೇ? ಇಲ್ಲವೆಂದರೆ ಟೇಪು ಕಿತ್ತು ಮತ್ತೆ ಹಚ್ಚಬಹುದು. ಟೇಪು ಎಷ್ಟು ಸಲ ಕಿತ್ತರೂ ಖರ್ಚಿಲ್ಲ.

ತಗಡಿನ ಮೇಲೆ ನೇರವಾಗಿ ಗೀಚದೆ, ಟೇಪಿನ ಮೇಲೆ ಪೆನ್ಸಿಲ್ಲಿನಿಂದ ನಡುವಿನ ಬಟನ್ನಿನ ಜಾಗ ಗುರುತಿಸಬೇಕು. ಸೆಂಟರ್ ಪಂಚಿನಿಂದ ಮೆಲ್ಲಗೆ ಒಂದು ಚುಕ್ಕೆ ಕುಟ್ಟಿದರೆ ಡ್ರಿಲ್ಲಿನ ಮೊನೆ ಜಾರಿ ಬಣ್ಣ ಗೀರುವುದಿಲ್ಲ. ಮೊದಲು ಸಣ್ಣ ತೂತು, ಆಮೇಲೆ ಬೇಕಾದ ಅಳತೆಗೆ. ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲೇಬೇಕು. ಇನ್ನೊಂದು ಎಚ್ಚರಿಕೆ: ಇಂಥ ಕಾರುಗಳಲ್ಲಿ ಡಿಕ್ಕಿಯ ಹತ್ತಿರವೇ ಪೆಟ್ರೋಲ್ ಟ್ಯಾಂಕ್ ಇರುತ್ತದೆ. ತಗಡಿನ ಹಿಂದೆ ಏನಿದೆ ಎಂದು ನೋಡಿಯೇ ಕೊರೆಯಬೇಕು. ಡ್ರಿಲ್ಲಿನ ಮೊನೆ ಮುನ್ನುಗ್ಗದಂತೆ ಅದಕ್ಕೊಂದು ತಡೆ ಹಾಕಬೇಕು.

ತೂತಾದ ಮೇಲೆ ಅಂಚಿನ ಮುಳ್ಳುಗಳನ್ನು ಅರದಿಂದ ಸವರಿ ತೆಗೆಯಬೇಕು. ಗುಬುಟು ಕೂರಿಸುವ ಮುನ್ನ ತುಕ್ಕು ತಡೆಯುವ ಲೇಪ ಹಚ್ಚಬೇಕು. ಏಕೆ ಗೊತ್ತೇ? ಅಲ್ಯೂಮಿನಿಯಂ ಒಂದು ಲೋಹ, ಗುಬುಟು ಇನ್ನೊಂದು ಲೋಹ. ನಡುವೆ ಉಪ್ಪುನೀರು ಸೇರಿದರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ಹುಟ್ಟುತ್ತದೆ. ಸವೆಯುವುದು ಅಲ್ಯೂಮಿನಿಯಂ. ಚಳಿಗಾಲದಲ್ಲಿ ಮಂಜು ಕರಗಿಸಲು ಬ್ರಿಟನ್ನಿನ ರಸ್ತೆಗಳಿಗೆ ಉಪ್ಪು ಎರಚುತ್ತಾರೆ. ರಸಾಯನಶಾಸ್ತ್ರದ ಪಾಠದ ವಿದ್ಯುತ್‌ಕೋಶ ಕಾರಿನ ಬೆನ್ನ ಮೇಲೆ ಕೂತ ಹಾಗಾಯಿತು!

ಒಂದು ಬಟನ್ನು ಕೂತ ಮೇಲೆ ಅದಕ್ಕೆ ಬಟ್ಟೆ ಒತ್ತಿ, ಪಕ್ಕದ್ದರ ಜಾಗ ಮತ್ತೆ ನೋಡಬೇಕು. ಎಡಕ್ಕೊಂದು. ಬಲಕ್ಕೊಂದು. ಮತ್ತೆ ಎಡಕ್ಕೆ. ಹನ್ನೊಂದೂ ತೂತನ್ನು ಒಟ್ಟಿಗೆ ಕೊರೆದು ಹೊತ್ತು ಉಳಿಸೋಣ ಎಂದರೆ ಕೆಟ್ಟಿತು. ಪ್ರತಿ ಬಟನ್ನೂ ಬಟ್ಟೆಯ ಎಳೆತವನ್ನು ಒಂಚೂರು ಬದಲಿಸುತ್ತದೆ. ಆ ಬದಲಾವಣೆಯನ್ನು ಕಂಡ ಮೇಲೆಯೇ ಮುಂದಿನ ತೂತು.

ಆಮೇಲೆ ಹುಡ್. ಬಾಗಿದ ಕೊಳವೆಗಳ ಕಮಾನು ಎತ್ತಿ ನಿಲ್ಲಿಸಿ, ಗಾಜಿನ ನೆತ್ತಿಯ ನಡುವಿನಲ್ಲಿ ಮೊದಲು ಸಿಕ್ಕಿಸಿ, ಹಿಂದಕ್ಕೆ ಎಳೆದು ಹಿಂಬದಿಯ ನಡುವಿನಲ್ಲಿ ಹಿಡಿಯಬೇಕು. ಕಾರಿನ ಬೆನ್ನುಹುರಿ ಸಿಕ್ಕಂತಾಯಿತು. ಅಲ್ಲಿಂದ ಎರಡೂ ಕಡೆಗೆ. ಇದಕ್ಕೆ ನಾಲ್ಕು ಕೈ ಬೇಕು. ಒಬ್ಬರು ಎಳೆದು ಹಿಡಿಯಬೇಕು, ಇನ್ನೊಬ್ಬರು ಗುರುತು ಹಾಕಬೇಕು. ಅಪ್ಪನಿಗೆ ಮಗಳೋ, ಮಗನಿಗೆ ಅಮ್ಮನೋ ಜೊತೆಗಿದ್ದರೆ ಕೆಲಸ ಹಗುರ.

ಗಾಳಿಯ ಪರೀಕ್ಷೆ

ಇಷ್ಟೆಲ್ಲ ಮಾಡಿದ ಹುಡ್ಡಿಗೆ ನಿಜವಾದ ಪರೀಕ್ಷೆ ಮಳೆಯಲ್ಲ, ಗಾಳಿ. ಕಾರು ಓಡುವಾಗ ಹುಡ್ಡಿನ ಮೇಲೆ ಗಾಳಿ ವೇಗವಾಗಿ ಹರಿಯುತ್ತದೆ. ಅಲ್ಲಿ ಒತ್ತಡ ಇಳಿಯುತ್ತದೆ. ಒಳಗಿನ ಗಾಳಿ ಬಟ್ಟೆಯನ್ನು ಮೇಲಕ್ಕೆ ಉಬ್ಬಿಸುತ್ತದೆ. ಪಿಯುಸಿ ವಿದ್ಯಾರ್ಥಿಗಳಿಗೆ ಬರ್ನೌಲಿಯ ಹೆಸರು ನೆನಪಾಗಬೇಕು.

ಎಷ್ಟು ಒತ್ತಡ? ಗಾಳಿಯ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಚದರ ಮೀಟರಿಗೆ ಸುಮಾರು 12 ಕಿಲೋ ಭಾರದಷ್ಟು ಬರುತ್ತದೆ. 100 ಕಿ.ಮೀ. ವೇಗದಲ್ಲಿ? 24 ಎಂದಿರಾ? ಅಲ್ಲ, ಸುಮಾರು 47. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟು. ಹುಡ್ಡಿನ ಆಕಾರ ನೋಡಿಕೊಂಡು ಇದರಲ್ಲಿ ಒಂದು ಪಾಲು ಬಟ್ಟೆಯನ್ನು ಮೇಲಕ್ಕೆ ಎಳೆಯುತ್ತದೆ.

ಇಪ್ಪತ್ತು ಬಟನ್ನುಗಳು ಸಮನಾಗಿ ಹಂಚಿಕೊಂಡರೆ ಒಂದೊಂದಕ್ಕೆ ಬರುವ ಪಾಲು ಅಲ್ಪ. ಆದರೆ ಒಂದು ಮೂಲೆಯಲ್ಲಿ ಮಾತ್ರ ಅತಿಯಾಗಿ ಬಿಗಿದಿದ್ದರೆ ಭಾರವೆಲ್ಲ ಅಲ್ಲಿಗೇ. ಅದು ಬಿಟ್ಟಿತೋ, ಭಾರ ಪಕ್ಕದ್ದರ ಮೇಲೆ. ಅದೂ ಬಿಟ್ಟಿತೋ, ಮುಂದಿನದು. ಕೂತಲ್ಲೇ ಹುಡ್ಡು ಸುಲಿದುಕೊಂಡು ಹೋಗುತ್ತದೆ. ಗ್ಯಾರೇಜಿನಲ್ಲಿ ನಡುವಿನಿಂದ ಶುರು ಮಾಡಿ ಎಳೆತವನ್ನು ಹಂಚಿದ ತಾಳ್ಮೆಗೆ ಹೆದ್ದಾರಿಯಲ್ಲಿ ಬೆಲೆ ಸಿಗುತ್ತದೆ.

ಕಾರು ರಸ್ತೆಗಿಳಿಯುವ ಮುನ್ನ ಸರ್ಕಾರದ ಪರೀಕ್ಷೆಯೂ ಇದೆ. ಬ್ರಿಟನ್ನಿನಲ್ಲಿ ಒಂದೊಂದೇ ಕಾರನ್ನು ತಪಾಸಣೆ ಮಾಡಿ ಒಪ್ಪಿಗೆ ಕೊಡುವ ಪದ್ಧತಿ 1998ರಲ್ಲಿ ಬಂತು. 2009ರಿಂದ ಅದಕ್ಕೆ ‘ಐ.ವಿ.ಎ.’ ಎಂಬ ಹೊಸ ರೂಪ. ದಾರಿಹೋಕರಿಗೆ ತಾಗುವಂಥ ಹೊರಚಾಚಿದ ಅಂಚುಗಳು ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದಷ್ಟಾದರೂ ದುಂಡಗಿರಬೇಕು ಎಂಬಷ್ಟು ಸೂಕ್ಷ್ಮವಾಗಿ ಅಲ್ಲಿ ನೋಡುತ್ತಾರೆ. ನಮ್ಮ ದೇಶದಲ್ಲಿ ದಾರಿ ಬೇರೆ. 1988ರ ಮೋಟಾರು ವಾಹನ ಕಾಯಿದೆ, 1989ರ ಕೇಂದ್ರ ನಿಯಮಗಳ ಪ್ರಕಾರ ಹೊಸ ಮಾದರಿಯ ವಾಹನಕ್ಕೆ ಪುಣೆಯ ಎ.ಆರ್.ಎ.ಐ.ನಂಥ ಅಧಿಕೃತ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಬೇಕು. ಮನೆಯಲ್ಲಿ ಕಟ್ಟಿದ ಗಾಡಿಯನ್ನು ಸುಮ್ಮನೆ ರಸ್ತೆಗೆ ಇಳಿಸುವ ಹಾಗಿಲ್ಲ. ಇದನ್ನು ಓದಿ ಉತ್ಸಾಹದಿಂದ ಅಪ್ಪನ ಕಾರಿಗೆ ಡ್ರಿಲ್ ಹಿಡಿಯಬೇಡಿ, ಮಕ್ಕಳೇ!

ತಂದೆತಾಯಿಗಳಿಗೊಂದು ಮಾತು

ಹಾಗಾದರೆ ಕಿಟ್ ಕಾರಿನ ಹುಡ್ಡಿನಿಂದ ನಮಗೇನು? ಕಾರು ಸಿಗದಿದ್ದರೂ ಪಾಠ ಸಿಗುತ್ತದೆ. ಮನೆಯಲ್ಲೊಂದು ಹಳೆಯ ಟ್ರಂಕು ಇದ್ದರೆ ಅದಕ್ಕೆ ರೆಕ್ಸಿನ್ನಿನ ಹೊದಿಕೆ ಹಾಕಲು ಮಕ್ಕಳಿಗೆ ಹೇಳಿ. ಒಂದು ಸಲ ಮೂಲೆಯಿಂದ ಶುರು ಮಾಡಿ ಬಟ್ಟೆಯ ಕ್ಲಿಪ್ಪು ಹಾಕಲಿ. ಇನ್ನೊಂದು ಸಲ ನಡುವಿನಿಂದ. ಸುಕ್ಕು ಎಲ್ಲಿ ಬಿತ್ತು ಎಂದು ಅವರೇ ನೋಡಲಿ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯ ಕಡೆ ಹೋದಾಗ, ಬೇರೆ ಊರಿನವರಾದರೆ ನಿಮ್ಮೂರಿನ ಕುಶನ್ ಅಂಗಡಿಯ ಮುಂದೆ, ಹತ್ತು ನಿಮಿಷ ನಿಂತು ಸೀಟು ಕವರು ಹಾಕುವವರ ಕೈಯನ್ನು ಗಮನಿಸಿ. ಮೊದಲು ಎಲ್ಲಿ ಹಿಡಿದರು? ಆಮೇಲೆ ಯಾವ ಕಡೆಗೆ ಎಳೆದರು? ಅವರನ್ನೇ ಕೇಳಿ. ಬೋರ್ಡಿನ ಮೇಲೆ ಕಲಿಯದ ಭೌತಶಾಸ್ತ್ರ ಅಲ್ಲಿ ಸಿಕ್ಕೀತು.

‘ಕೈ ಮಸಿ ಮಾಡಿಕೊಳ್ಳಬೇಡ, ಹೋಗಿ ಓದಿಕೋ’ ಎಂದು ಮಕ್ಕಳಿಗೆ ಹೇಳುವ ಮನೆಗಳು ನಮ್ಮಲ್ಲಿ ಬಹಳ. ಅಂಕದ ಚಿಂತೆ ತಪ್ಪಲ್ಲ. ಆದರೆ ಉತ್ತರಪತ್ರಿಕೆಯಲ್ಲಿ ತಪ್ಪಾದರೆ ಹೊಡೆದುಹಾಕಿ ಪಕ್ಕದಲ್ಲಿ ಬರೆಯಬಹುದು. ತಗಡಿನಲ್ಲಿ ಹಾಗಾಗದು. ಬದುಕಿನಲ್ಲೂ ಕೆಲವು ತೂತುಗಳು ಹಾಗೆಯೇ, ಕೊರೆದ ಮೇಲೆ ಮುಚ್ಚಲು ಬರುವುದಿಲ್ಲ. ಅದಕ್ಕೆ ಹೆದರಿ ಕೂರಬೇಕಾಗಿಲ್ಲ. ಕಿತ್ತು ಹಚ್ಚಬಹುದಾದ ಪ್ರಯತ್ನಗಳನ್ನೆಲ್ಲ ಮೊದಲು ಮಾಡಿ, ಕೀಳಲಾಗದ್ದನ್ನು ಕೊನೆಗೆ ಮಾಡಬೇಕು. ಎಸ್ಸೆಸ್ಸೆಲ್ಸಿ ಮುಗಿದ ಮಗುವಿಗೆ ಯಾವ ವಿಷಯ ಎಂದು ಮನೆಯಲ್ಲಿ ಚರ್ಚೆಯಾಗುವಾಗ ಎಷ್ಟೋ ಸಲ ನಾವು ಟೇಪು ಹಚ್ಚಿ ನೋಡುವುದೇ ಇಲ್ಲ, ನೇರ ಡ್ರಿಲ್ಲು ಹಿಡಿಯುತ್ತೇವೆ. ಆ ವಿಷಯ ಓದುತ್ತಿರುವವರ ಜೊತೆ ಒಂದು ವಾರ ಕಳೆಯುವುದು, ಪುಸ್ತಕ ತಿರುವಿ ನೋಡುವುದು, ಆ ಕೆಲಸ ಮಾಡುವ ಜಾಗಕ್ಕೆ ಮಗುವನ್ನು ಕರೆದೊಯ್ಯುವುದು, ಇವೆಲ್ಲ ಟೇಪಿನ ಕೆಲಸ. ಖರ್ಚಿಲ್ಲ, ಗೀರು ಬೀಳುವುದಿಲ್ಲ.

ಅಳತೆಯಲ್ಲಿ ತಪ್ಪೇ ಆಗಬಾರದು ಎಂದು ಹಟ ಹಿಡಿಯುವವರು ತೂತನ್ನೇ ಕೊರೆಯುವುದಿಲ್ಲ. ಎರಡು ಕೈಯಿಂದ ಮಾಡುವ ಕೆಲಸದಲ್ಲಿ ಒಂದು ಮಿಲಿಮೀಟರ್ ಹೆಚ್ಚು ಕಡಿಮೆ ಇದ್ದೇ ಇರುತ್ತದೆ. ಅದನ್ನು ಒಂದು ಮೂಲೆಗೆ ತಳ್ಳಿ ಅಲ್ಲಿ ಸುಕ್ಕು ಬೀಳಿಸುವುದೋ, ಎಲ್ಲ ಕಡೆಗೂ ಹಂಚಿ ಕಾಣದಂತೆ ಮಾಡುವುದೋ ಎಂಬುದರಲ್ಲಿ ಕುಶಲತೆ ಇದೆ. ಮನೆಯ ಕೆಲಸದಲ್ಲಿ, ತರಗತಿಯ ಗುಂಪು ಕೆಲಸದಲ್ಲಿ, ಪರೀಕ್ಷೆಯ ತಯಾರಿಯಲ್ಲಿ ಕೂಡ ಈ ಹಂಚಿಕೆ ನಡೆಯುತ್ತದೆ. ಎಲ್ಲ ಓದನ್ನೂ ಮಾರ್ಚಿಗೆ ತಳ್ಳುವವರು ಎಡ ಮೂಲೆಯಿಂದ ಶುರು ಮಾಡಿದವರೇ ತಾನೇ?

ಈ ಭಾನುವಾರ ಟ್ರಂಕಿನ ಹೊದಿಕೆ ಮಾಡಿ ನೋಡಿ. ನಡುವಿನ ಗುರುತು ಹಾಕುವುದನ್ನು ಮಕ್ಕಳಿಗೇ ಬಿಡಿ. ನೀವು ಬಟ್ಟೆ ಎಳೆದು ಹಿಡಿದರೆ ಸಾಕು.